ಶುಕ್ರವಾರ ಬನ್ನಿ, ಕನ್ನಡಕ ಚೀಟಿ ತನ್ನಿ

ದಾವಣಗೆರೆಯ ಕಣ್ಣಿನ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ನಾನು ಆಪ್ತ ಸಲಹೆಗಾರ್ತಿ. ವೈದ್ಯರು ಮಗುವನ್ನು ನೋಡಿ ಕಳುಹಿಸಿದ ಮೇಲೆ ತಂದೆತಾಯಿ ಬಂದು ಕೂರುವುದು ನನ್ನ ಮೇಜಿನ ಎದುರು. ಆಪರೇಷನ್ ಯಾಕೆ ಬೇಕು, ಕಾರ್ಡಿನಲ್ಲಿ ಖರ್ಚು ಎಷ್ಟು ಕಳೆಯುತ್ತದೆ, ಅರಿವಳಿಕೆಗೆ ಮುಂಚೆ ಎಷ್ಟು ಹೊತ್ತಿನಿಂದ ಹಾಲು ಕೊಡಬಾರದು, ಅಳುವ ಮಗುವಿನ ಕಣ್ಣಿಗೆ ಹನಿ ಹಾಕುವುದು ಹೇಗೆ, ಇವನ್ನೆಲ್ಲ ಹೇಳುವುದು ನನ್ನ ಕೆಲಸ. ಮುಂದಿನ ತಪಾಸಣೆಯ ದಿನಾಂಕವನ್ನು ಚೀಟಿಯಲ್ಲಿ ಬರೆದು ಕಳುಹಿಸುವವಳೂ ನಾನೇ. ಹಾಗೆ ಬರೆದುಕೊಟ್ಟ ದಿನಕ್ಕೆ ಬಾರದೆ ಉಳಿಯುವ ಮಕ್ಕಳನ್ನು ಮೊಬೈಲ್ ಫೋನಿನ ನೆರವಿನಿಂದ ಮತ್ತೆ ಕರೆತರುವ ಕೆಲಸವನ್ನು ನಾವು ಹೇಗೆ ಮಾಡುತ್ತಾ ಬಂದಿದ್ದೇವೆ ಎಂಬುದನ್ನು ಬರೆದಿಡಬೇಕು ಎಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು.

ಮಕ್ಕಳಿಗೂ ಕಣ್ಣಿನ ಪೊರೆ ಬರುತ್ತದೆ ಎಂದರೆ ಈಗಲೂ ಅನೇಕರು ನಂಬುವುದಿಲ್ಲ. ಕೆಲವು ಮಕ್ಕಳು ಪೊರೆಯೊಂದಿಗೇ ಹುಟ್ಟುತ್ತವೆ. ಕೆಲವಕ್ಕೆ ಅಂಗನವಾಡಿಗೆ ಹೋಗುವ ಹೊತ್ತಿಗೆ, ಶಾಲೆಗೆ ಸೇರುವ ಹೊತ್ತಿಗೆ ಬರುತ್ತದೆ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿರಬಹುದು, ವಂಶದಲ್ಲಿ ಬಂದಿರಬಹುದು, ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಕಣ್ಣಿನ ಪಾಪೆಯ ನಡುವೆ ಬೆಳ್ಳಗೆ ಏನೋ ಹೊಳೆಯಿತು ಎಂದು ಮೊದಲು ಗುರುತಿಸುವುದು ಹೆಚ್ಚಾಗಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರೂ ಹುಡುಕಿ ಕಳುಹಿಸುತ್ತಾರೆ. 2013ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹುಟ್ಟುಪೊರೆಯೂ ಇದೆ. ಅಲ್ಲಿಂದ ಆಪರೇಷನ್ನಿನವರೆಗೆ ಹೇಗೋ ದಾರಿ ಸಾಗುತ್ತದೆ. ಮಗುವಿಗೆ ಕಣ್ಣು ಕಾಣುವುದಿಲ್ಲ ಎಂಬ ದಿಗಿಲೇ ಮನೆಯವರನ್ನು ಎಳೆದು ತರುತ್ತದೆ. ಚಿನ್ನ ಅಡವಿಟ್ಟಾದರೂ ಬರುತ್ತಾರೆ. ಕಷ್ಟವಿರುವುದು ಆಮೇಲೆ.

ಮನೆಯ ಹಿರಿಯರ ಪೊರೆ ಆಪರೇಷನ್ ನೋಡದವರು ಯಾರಿದ್ದಾರೆ? ಶಿಬಿರದ ವಾಹನದಲ್ಲಿ ಹೋದರು, ಕಪ್ಪು ಕನ್ನಡಕ ಹಾಕಿಕೊಂಡು ಮರಳಿದರು, ಒಂದಷ್ಟು ದಿನ ತಲೆಗೆ ನೀರು ಸೋಕಿಸಲಿಲ್ಲ, ಆಮೇಲೆ ಪತ್ರಿಕೆ ಓದತೊಡಗಿದರು. ಅಲ್ಲಿಗೆ ಮುಗಿಯಿತು. ಮಗುವಿನದೂ ಹಾಗೆಯೇ ಎಂದು ಮನೆಯವರು ತಿಳಿಯುತ್ತಾರೆ. ಆದರೆ ಅಜ್ಜನ ಕಣ್ಣು ಬೆಳೆದು ನಿಂತ ಕಣ್ಣು. ಎಪ್ಪತ್ತು ವರ್ಷ ನೋಡಿ ಪಳಗಿದ ಮಿದುಳು ಅದರ ಹಿಂದಿದೆ. ಹುಟ್ಟಿದ ಮಗುವಿನ ಕಣ್ಣಗುಡ್ಡೆಯ ಉದ್ದ ಸುಮಾರು 17 ಮಿಲಿಮೀಟರ್. ದೊಡ್ಡವರಾಗುವಷ್ಟರಲ್ಲಿ ಅದು 23–24 ಮಿಲಿಮೀಟರ್ ಆಗುತ್ತದೆ, ಅದರಲ್ಲೂ ಮೊದಲ ಎರಡು ವರ್ಷ ಭರದಿಂದ ಬೆಳೆಯುತ್ತದೆ. ಕಣ್ಣು ಬೆಳೆದಂತೆ ಕನ್ನಡಕದ ನಂಬರ್ ಬದಲಾಗುತ್ತದೆ. ತೀರಾ ಎಳೆಯ ಮಕ್ಕಳಿಗೆ ಅನೇಕ ಸಲ ಒಳಗೆ ಲೆನ್ಸ್ ಇಡುವುದಿಲ್ಲ, ಭಾರದ ದಪ್ಪ ಗಾಜಿನ ಕನ್ನಡಕವೇ ಆ ಮಗುವಿನ ಲೆನ್ಸ್. ಇನ್ನು ನೋಡುವುದನ್ನು ಮಿದುಳು ಕಲಿಯುವ ಕಾಲ ಏಳೆಂಟು ವರ್ಷದವರೆಗೆ ಮಾತ್ರ. ಅಷ್ಟರೊಳಗೆ ಕಣ್ಣಿನಿಂದ ಮಿದುಳಿಗೆ ಸ್ಪಷ್ಟ ಚಿತ್ರ ಹೋಗದಿದ್ದರೆ ಕಣ್ಣು ಚೆನ್ನಾಗಿದ್ದೂ ನೋಟ ಮಂದವಾಗಿ ಉಳಿಯುತ್ತದೆ. ಒಂದೇ ಕಣ್ಣಿಗೆ ಪೊರೆ ಬಂದಿದ್ದ ಮಗುವಿಗಂತೂ ಒಳ್ಳೆಯ ಕಣ್ಣಿಗೆ ದಿನಾ ಇಷ್ಟು ಹೊತ್ತು ಎಂದು ಪಟ್ಟಿ ಹಚ್ಚಿ, ಸೋಮಾರಿಯಾದ ಕಣ್ಣಿನಿಂದ ಕೆಲಸ ತೆಗೆಸಬೇಕು. ಮಗು ಕಿತ್ತು ಬಿಸಾಡುತ್ತದೆ, ತಾಯಿ ಮತ್ತೆ ಹಚ್ಚುತ್ತಾಳೆ.

ಇದರ ಜೊತೆಗೆ ಇನ್ನೆರಡು ಅಪಾಯ. ಮಕ್ಕಳಲ್ಲಿ ಲೆನ್ಸಿನ ಹಿಂದಿನ ಪದರ ಮತ್ತೆ ಮಂಜಾಗುವುದು ದೊಡ್ಡವರಿಗಿಂತ ಬಹಳ ಬೇಗ, ಬಹಳ ಹೆಚ್ಚು. ಕಣ್ಣಿನ ಒತ್ತಡ ಏರುವುದೂ ಉಂಟು. ಅದು ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ ಸದ್ದಿಲ್ಲದೆ ಬರುತ್ತದೆ. ಉರಿಯೂತಕ್ಕೆ ಹಾಕುವ ಸ್ಟಿರಾಯ್ಡ್ ಹನಿಯನ್ನು ಹೇಳಿದ ದಿನಕ್ಕೆ ನಿಲ್ಲಿಸದೆ ಮುಂದುವರಿಸಿದರೂ ಒತ್ತಡ ಏರಬಹುದು. ಇವು ಯಾವುವೂ ಮೊದಮೊದಲು ಹೊರಗಿನಿಂದ ಕಾಣುವುದಿಲ್ಲ. ಬಿಳಿ ಚುಕ್ಕೆ ಹೋಗಿದೆ, ಪಾಪೆ ಕಪ್ಪಾಗಿದೆ, ಮಗು ಆಡುತ್ತಿದೆ. ಹಾಗಿರುವಾಗ ಒಂದು ದಿನದ ಕೂಲಿ ಬಿಟ್ಟು ಯಾಕೆ ಬರಬೇಕು? ನಾನು ತಾಯಂದಿರಿಗೆ ಹೇಳುವುದು ಇಷ್ಟೇ: ಆಪರೇಷನ್ ಎಂದರೆ ಹೊಲ ಹದ ಮಾಡಿದ ಹಾಗೆ, ಮೆಕ್ಕೆಜೋಳ ಬಿತ್ತುವುದು, ಕಳೆ ತೆಗೆಯುವುದು, ಗೊಬ್ಬರ ಕೊಡುವುದು ಎಲ್ಲ ಇನ್ನು ಮೇಲೆ. ತಲೆದೂಗುತ್ತಾರೆ. ಆದರೆ ಊರಿಗೆ ಹೋದ ಮೇಲೆ ಆ ಮಾತು ಎಷ್ಟು ದಿನ ಉಳಿದೀತು?

ನಮ್ಮಲ್ಲಿ ಮರುದಿನದ ತಪಾಸಣೆ ಆಗುತ್ತದೆ, ಒಂದು ವಾರದ್ದು ಆಗುತ್ತದೆ, ತಿಂಗಳಿನದ್ದೂ ಮುಕ್ಕಾಲು ಪಾಲು ಆಗುತ್ತದೆ. ಮೂರು ತಿಂಗಳಿನ ಕಾಲಮ್ಮಿಗೆ ಬಂದರೆ ರಿಜಿಸ್ಟರಿನ ಪುಟದಲ್ಲಿ ಖಾಲಿ ಮನೆಗಳು ಶುರುವಾಗುತ್ತಿದ್ದವು. ಬಾರದವರನ್ನು ಅಸಡ್ಡೆಯವರು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಒಬ್ಬೊಬ್ಬರನ್ನೂ ವಿಚಾರಿಸಿದ್ದೇನೆ. ಚನ್ನಗಿರಿ ಕಡೆಯವರಿಗೆ ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯುವ ಕೂಲಿ ಬಿಟ್ಟರೆ ವರ್ಷದ ಗಳಿಕೆ ಹೋಯಿತು. ಜಗಳೂರು, ಮೊಳಕಾಲ್ಮೂರು ಕಡೆ ಮಳೆ ಕೈಕೊಟ್ಟ ವರ್ಷ ಸಂಸಾರ ಸಮೇತ ಬೆಂಗಳೂರಿಗೋ ಕಾಫಿ ತೋಟಗಳಿಗೋ ಹೋಗಿರುತ್ತಾರೆ. ಚಳ್ಳಕೆರೆ ಸೀಮೆಯವರಿಗೆ ನಾಯಕನಹಟ್ಟಿ ಜಾತ್ರೆಯ ವಾರ ಆಸ್ಪತ್ರೆ ನೆನಪಾಗುವುದಿಲ್ಲ. ನಮ್ಮೂರಿನಲ್ಲಿ ದುಗ್ಗಮ್ಮನ ಜಾತ್ರೆ ಬಂದರೆ ಮನೆ ತುಂಬ ನೆಂಟರು. ಅಮಾವಾಸ್ಯೆಯ ದಿನ ಮಗುವನ್ನು ಎತ್ತಿಕೊಂಡು ಹೊರಡಲು ಅತ್ತೆ ಬಿಡುವುದಿಲ್ಲ. ಚೀಟಿಯನ್ನು ಇಲಿ ಕಡಿಯುತ್ತದೆ, ಮಳೆಗೆ ತೊಯ್ಯುತ್ತದೆ. ಇಷ್ಟೆಲ್ಲದರ ಜೊತೆಗೆ, ಮೂರು ತಿಂಗಳ ಮುಂದಿನ ಒಂದು ತಾರೀಖನ್ನು ನೆನಪಿಟ್ಟುಕೊಳ್ಳಿ ಎಂದು ನಾವು ಹೇಳುತ್ತಿದ್ದೆವು.

ಒಂದು ಸಂಜೆ ನಮ್ಮ ವೈದ್ಯರು ಚೀನಾದ ಗುವಾಂಗ್‌ಝೌ ನಗರದ ಝೋಂಗ್‌ಶಾನ್ ಕಣ್ಣಿನ ಆಸ್ಪತ್ರೆಯಲ್ಲಿ ನಡೆದ ಅಧ್ಯಯನವೊಂದರ ಬಗ್ಗೆ ಹೇಳಿದರು. 2012ರಲ್ಲಿ ಪ್ರಕಟವಾದದ್ದು. ಪೊರೆಯ ಚಿಕಿತ್ಸೆ ಪಡೆಯುತ್ತಿದ್ದ 258 ಮಕ್ಕಳನ್ನೂ ಅವರ ಪೋಷಕರನ್ನೂ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಪ್ರತಿ ತಪಾಸಣೆಗೆ ಮುನ್ನ ಮೊಬೈಲಿಗೆ ಮೆಸೇಜ್ ಹೋಯಿತು, ಇನ್ನೊಂದು ಗುಂಪಿಗೆ ಮಾಮೂಲಿನಂತೆ ಬಿಟ್ಟರು. ಮೆಸೇಜ್ ಪಡೆದವರು ನಿಗದಿಯಾದ ಭೇಟಿಗಳಲ್ಲಿ ಶೇ. 91.3ರಷ್ಟಕ್ಕೆ ಬಂದಿದ್ದರು, ಪಡೆಯದವರು ಶೇ. 62ರಷ್ಟಕ್ಕೆ. ಅಷ್ಟೇ ಅಲ್ಲ, ಕನ್ನಡಕ ಬದಲಿಸುವುದು, ಲೇಸರ್ ಮಾಡುವುದು, ಮತ್ತೆ ಬೇಕಾದ ಆಪರೇಷನ್ ಮಾಡುವುದು ಕೂಡ ಮೆಸೇಜ್ ಹೋದ ಗುಂಪಿನಲ್ಲೇ ಹೆಚ್ಚು ನಡೆದಿತ್ತು. ನನ್ನ ಮನಸ್ಸಿನಲ್ಲಿ ನಿಂತದ್ದು ಈ ಎರಡನೆಯ ಮಾತು. ಇನ್ನೊಂದು ಗುಂಪಿನ ಮಕ್ಕಳಿಗೆ ಅವು ಬೇಡವಾಗಿದ್ದವು ಎಂದಲ್ಲ. ಬೇಕಾಗಿದ್ದವು, ಆದರೆ ಬೇಕಾಗಿದೆ ಎಂದು ಕಂಡುಹಿಡಿಯಲು ಆ ಮಕ್ಕಳು ಎದುರಿಗೆ ಬಂದಿರಲಿಲ್ಲ ಎಂದೇ ನಾನು ಅರ್ಥಮಾಡಿಕೊಂಡೆ. ನಮ್ಮ ರಿಜಿಸ್ಟರಿನ ಖಾಲಿ ಮನೆಗಳು ಆ ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಕೆಲಸ ಶುರುವಾದದ್ದು ಫೋನ್ ನಂಬರಿನಿಂದ. ನೋಂದಣಿಯ ಕಿಟಕಿಯಲ್ಲಿ ಬರೆಸುವ ನಂಬರು ಯಾರದ್ದು ಎಂಬುದೇ ದೊಡ್ಡ ಪ್ರಶ್ನೆ. ಅದು ತಂದೆಯದ್ದಾಗಿರುತ್ತದೆ; ಅವನು ಲಾರಿಯಲ್ಲಿ ಮಹಾರಾಷ್ಟ್ರದ ಕಡೆ ಇರುತ್ತಾನೆ, ಇಲ್ಲವೇ ಎಪಿಎಂಸಿಯಲ್ಲಿ ಮೂಟೆ ಹೊರುತ್ತಿರುತ್ತಾನೆ. ಜೊತೆಗೆ ಬಂದ ಸೋದರಮಾವನದ್ದಾಗಿರುತ್ತದೆ. ಕರೆನ್ಸಿ ಹಾಕಿಸದೆ ಬಿಟ್ಟರೆ ಈಗ ಒಳಬರುವ ಕರೆಯೂ ನಿಂತುಹೋಗುತ್ತದೆ, ಸಿಮ್ ಬದಲಾಗುತ್ತದೆ. ಅದಕ್ಕೆ ರಿಜಿಸ್ಟರಿನಲ್ಲಿ ಮೂರು ನಂಬರಿಗೆ ಜಾಗ ಮಾಡಿದೆವು: ಮಗುವನ್ನು ದಿನಾ ನೋಡಿಕೊಳ್ಳುವವರದ್ದು, ಮನೆಯಲ್ಲಿ ಇನ್ನೊಬ್ಬರದ್ದು, ಊರಿನಲ್ಲಿ ಬದಲಾಗದೆ ಉಳಿಯುವ ಒಬ್ಬರದ್ದು. ಈ ಮೂರನೆಯದು ಆಶಾ ಕಾರ್ಯಕರ್ತೆಯದ್ದೋ ಅಂಗನವಾಡಿ ಟೀಚರದ್ದೋ ಕಿರಾಣಿ ಅಂಗಡಿಯವರದ್ದೋ ಆಗಬಹುದು, ಆದರೆ ಮನೆಯವರು ಒಪ್ಪಿದರೆ ಮಾತ್ರ. ನಂಬರ್ ಬರೆದ ಕೂಡಲೇ ಅವರು ನನ್ನ ಎದುರಿಗೆ ಕುಳಿತಿರುವಾಗಲೇ ಒಂದು ರಿಂಗ್ ಕೊಡುತ್ತೇನೆ. ಅವರ ಫೋನ್ ಸದ್ದು ಮಾಡಿದರೆ ಆ ನಂಬರ್ ಸರಿ. ಅಲ್ಲೇ ನನ್ನ ನಂಬರನ್ನು ‘ಕಣ್ಣಾಸ್ಪತ್ರೆ’ ಎಂದು ಉಳಿಸಿಕೊಡುತ್ತೇನೆ. ಇದಕ್ಕೆ ಒಂದು ನಿಮಿಷವೂ ಬೇಡ. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟ ಕೆಲಸ ಬೇರೆ ಇಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಮೆಸೇಜ್ ಬರೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಆಸ್ಪತ್ರೆಯಿಂದ ಸಾಮೂಹಿಕವಾಗಿ ಮೆಸೇಜ್ ಕಳುಹಿಸಬೇಕಾದರೆ ದೂರಸಂಪರ್ಕ ಪ್ರಾಧಿಕಾರದ 2018ರ ನಿಯಮಗಳ ಪ್ರಕಾರ ಕಳುಹಿಸುವವರ ಹೆಸರನ್ನೂ ಒಕ್ಕಣೆಯ ಮಾದರಿಯನ್ನೂ ಮೊದಲೇ ನೋಂದಾಯಿಸಿರಬೇಕು. ಹೆಸರು, ದಿನ ಮುಂತಾದ ಬದಲಾಗುವ ಜಾಗಗಳನ್ನು ಗುರುತು ಮಾಡಿ ತೋರಿಸಬೇಕು. ಒಪ್ಪಿಗೆ ಪಡೆದ ಮಾದರಿಗೆ ಹೊಂದದ ಒಕ್ಕಣೆ ದಾರಿಯಲ್ಲೇ ತಡೆಯಲ್ಪಡುತ್ತದೆ. ಜೊತೆಗೆ ಉದ್ದದ ಲೆಕ್ಕ: ಇಂಗ್ಲಿಷ್ ಮೆಸೇಜಿಗೆ 160 ಅಕ್ಷರ ಸಿಕ್ಕರೆ ಕನ್ನಡದ ಮೆಸೇಜಿಗೆ ಸಿಗುವುದು 70. ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ‘ಆಸ್ಪತ್ರೆ’ ಎಂದು ಬರೆದರೆ ಎಂಟು ಹೋಯಿತು. ನಮಸ್ಕಾರ, ಗೌರವಾನ್ವಿತ ಪೋಷಕರೇ, ತಮ್ಮ ಮಗುವಿನ ಶಸ್ತ್ರಚಿಕಿತ್ಸೋತ್ತರ ಎಂದೆಲ್ಲ ಶುರು ಮಾಡಿದರೆ ಹೇಳಬೇಕಾದ ಮಾತಿಗೆ ಜಾಗವೇ ಇರುವುದಿಲ್ಲ. ಕಡಿಯುತ್ತಾ ಕಡಿಯುತ್ತಾ ಕೊನೆಗೆ ನಿಂತ ಒಕ್ಕಣೆ ಇದು: ‘ನಿಮ್ಮ ಮಗುವಿನ ಕಣ್ಣಿನ ತಪಾಸಣೆ ಶುಕ್ರವಾರ. ಕನ್ನಡಕ, ಚೀಟಿ ತನ್ನಿ.’ ತಾರೀಖಿಗಿಂತ ವಾರ ನಾಟುತ್ತದೆ. ಹಳೆಯ ಕನ್ನಡಕ ತರಬೇಕೆಂಬುದು ಮರೆತರೆ ಅರ್ಧ ಪರೀಕ್ಷೆ ಉಳಿದುಹೋಗುತ್ತದೆ, ಅದಕ್ಕೇ ಅದನ್ನು ಬಿಡಲಿಲ್ಲ.

ಕೆಲವು ಹಳೆಯ ಕೀಪ್ಯಾಡ್ ಸೆಟ್ಟುಗಳಲ್ಲಿ ಕನ್ನಡ ಮೂಡುವುದಿಲ್ಲ, ಖಾಲಿ ಚೌಕಗಳ ಸಾಲು ಬರುತ್ತದೆ. ಅಂಥವರನ್ನು ಗುರುತು ಹಾಕಿಕೊಂಡು ಫೋನ್ ಮಾಡುವ ಪಟ್ಟಿಗೆ ಸೇರಿಸಿದೆವು. ಓದು ಬಾರದ ತಾಯಂದಿರ ವಿಷಯದಲ್ಲಿ ನನಗಿದ್ದ ಆತಂಕವನ್ನು ಹೊನ್ನಾಳಿ ಕಡೆಯ ಒಂದು ಹುಡುಗಿ ಕಳೆದಳು. ತಮ್ಮನಿಗೆ ಆಪರೇಷನ್ ಆಗಿತ್ತು. ಅವಳು ಆರನೆಯ ತರಗತಿ. ಮೆಸೇಜ್ ಬಂದ ಕೂಡಲೇ ಅಮ್ಮನಿಗೆ ಓದಿ ಹೇಳಿ, ಶುಕ್ರವಾರದ ಮೇಲೆ ಕ್ಯಾಲೆಂಡರಿನಲ್ಲಿ ಗೆರೆ ಎಳೆದು, ಕನ್ನಡಕವನ್ನು ತಾನೇ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಅಂದಿನಿಂದ ಮನೆಯಲ್ಲಿ ಓದುವ ಮಕ್ಕಳಿದ್ದಾರೆಯೇ ಎಂದು ಕೇಳಿ, ಅಕ್ಕನೋ ಅಣ್ಣನೋ ಇದ್ದರೆ ಅವರನ್ನೂ ಹತ್ತಿರ ಕೂರಿಸಿಕೊಂಡು ವಿಷಯ ಹೇಳುತ್ತೇನೆ. ಆ ಮಕ್ಕಳು ಜವಾಬ್ದಾರಿಯನ್ನು ತೆಗೆದುಕೊಳ್ಳುವ ರೀತಿ ನೋಡಿದರೆ ಹೆಮ್ಮೆಯಾಗುತ್ತದೆ.

ಧ್ವನಿಮುದ್ರಿತ ಕರೆಯನ್ನೂ ಪ್ರಯತ್ನಿಸಿದೆವು. ಎತ್ತಿದ ಕೂಡಲೇ ಅಪರಿಚಿತ ಧ್ವನಿ ಕೇಳಿದರೆ ಸಾಲದ ಕಂಪನಿಯವರು ಎಂದು ಜನ ಕತ್ತರಿಸಿಬಿಡುತ್ತಾರೆ. ಅದನ್ನು ಬಿಟ್ಟೆವು. ಈಗ ಮೆಸೇಜ್ ತಪಾಸಣೆಗೆ ಕೆಲವು ದಿನ ಮುಂಚೆ ಹೋಗುತ್ತದೆ. ಹಿಂದಿನ ದಿನ ನಾನು ಅಥವಾ ನಮ್ಮ ನರ್ಸ್ ಸ್ವತಃ ಮಾತಾಡುತ್ತೇವೆ. ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಮಾಡುವ ಕುಟುಂಬಗಳಿಗೆ ಉರ್ದು ಬಲ್ಲ ನರ್ಸೇ ಮಾತಾಡುವುದು. ಭಟ್ಟಿಯ ಶಾಖದ ಎದುರು ನಿಂತವರಿಗೆ ಹಗಲು ಫೋನ್ ಎತ್ತಲಾಗುವುದಿಲ್ಲ, ಹೊಲದಲ್ಲಿರುವವರಿಗೂ ಅಷ್ಟೇ. ಬೆಳಿಗ್ಗೆ ಏಳರ ಒಳಗೆ, ಇಲ್ಲವೇ ಸಂಜೆ ಏಳರ ಮೇಲೆ, ರೊಟ್ಟಿ ಬಡಿಯುವ ಹೊತ್ತು ಕಳೆದು ಗಂಡನೂ ಮನೆಗೆ ಬಂದಿರುವಾಗ ಮಾಡಿದರೆ ಎರಡು ಕೆಲಸವಾಗುತ್ತದೆ: ತಾಯಿಗೆ ವಿಷಯ ಮುಟ್ಟುತ್ತದೆ, ನಾಳೆ ಕೆಲಸಕ್ಕೆ ಹೋಗುವುದು ಬೇಡ ಎಂಬ ಮಾತು ಅಲ್ಲೇ ತೀರ್ಮಾನವಾಗುತ್ತದೆ. ಇದು ಆಸ್ಪತ್ರೆಯ ಕೆಲಸದ ಸಮಯವಲ್ಲ, ನಿಜ. ನಮ್ಮ ಆಡಳಿತದವರು ಇದಕ್ಕೆ ಬೇರೆ ಫೋನ್ ಕೊಟ್ಟು, ಸಂಜೆಯ ಪಾಳಿಯನ್ನು ಹೊಂದಿಸಿಕೊಟ್ಟರು. ಆ ಹೊಂದಾಣಿಕೆ ಇಲ್ಲದೆ ಒಬ್ಬಳ ಉತ್ಸಾಹದ ಮೇಲೆ ಇದು ನಡೆಯುವ ಕೆಲಸವಲ್ಲ.

ಮಾತಾಡತೊಡಗಿದ ಮೇಲೆ ಗೊತ್ತಾದದ್ದು, ಕರೆ ನೆನಪಿಸುವುದಕ್ಕಷ್ಟೇ ಅಲ್ಲ ಎಂದು. ‘ಬರುತ್ತೇವೆ ಅಕ್ಕಾ’ ಎಂದ ಮೇಲೆ ಫೋನ್ ಇಡುವ ಮುಂಚೆ ತಾಯಂದಿರು ಒಂದು ಮಾತು ಸೇರಿಸುತ್ತಾರೆ. ಜಗಳೂರು ತಾಲ್ಲೂಕಿನ ತಾಂಡಾವೊಂದರಿಂದ ಒಬ್ಬ ತಾಯಿ ಹೀಗೇ ಹೇಳಿದರು: ಮಗು ಎರಡು ದಿನದಿಂದ ಬೆಳಕಿಗೆ ಮುಖ ತಿರುಗಿಸುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ, ಧೂಳು ಬಿದ್ದಿರಬೇಕು, ಈ ಶುಕ್ರವಾರ ಬೇಡ, ಕಣ್ಣು ಸರಿಹೋದ ಮೇಲೆ ಬರುತ್ತೇವೆ. ನಾನು ಎದ್ದು ನಿಂತೇ ಮಾತಾಡಿದೆ. ಶುಕ್ರವಾರದವರೆಗೆ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಹೊರಡಿ ಎಂದೆ. ಮಗುವಿನ ತಂದೆಯ ಕೈಗೆ ಫೋನ್ ಕೊಡಿಸಿ ಅವರಿಗೂ ಹೇಳಿದೆ. ಬಂದರು. ಕಣ್ಣಿನ ಒತ್ತಡ ಏರಿತ್ತು. ಅದೇ ದಿನ ಔಷಧ ಶುರುವಾಯಿತು, ಅದು ಹಿಡಿತಕ್ಕೂ ಬಂದಿತು. ಇಂಥ ಮಾತು ಮೆಸೇಜಿನಲ್ಲಿ ಎಂದೂ ನಮಗೆ ಬಂದು ಮುಟ್ಟುತ್ತಿರಲಿಲ್ಲ. ಅದಕ್ಕೇ ಕರೆಯ ಕೊನೆಗೆ ನಾವು ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇವೆ: ಕಣ್ಣು ಕೆಂಪಾಗಿದೆಯೇ, ಬೆಳಕಿಗೆ ಕಣ್ಣು ಮುಚ್ಚುತ್ತದೆಯೇ, ಪಾಪೆಯಲ್ಲಿ ಮತ್ತೆ ಬಿಳಿ ಕಾಣುತ್ತಿದೆಯೇ. ಒಂದಕ್ಕೆ ಹೌದು ಎಂದರೂ ಆ ಮಗುವಿಗೆ ತಪಾಸಣೆಯ ದಿನದವರೆಗೆ ಕಾಯುವ ಮಾತಿಲ್ಲ.

ಹೆಣ್ಣುಮಕ್ಕಳ ವಿಷಯ ಬರೆಯದೆ ಮುಂದೆ ಹೋಗಲಾರೆ. ಗಂಡುಮಗುವಿಗೆ ಒಂದು ಕರೆ ಸಾಕಾದಲ್ಲಿ ಹೆಣ್ಣುಮಗುವಿಗೆ ಇನ್ನೊಂದು ಬೇಕಾಗುತ್ತದೆ. ದಪ್ಪ ಕನ್ನಡಕ ಹಾಕಿದರೆ ಮುಂದೆ ಯಾರು ಕೇಳಿ ಬರುತ್ತಾರೆ ಎಂದು ಮೂರು ವರ್ಷದ ಕೂಸಿನ ಬಗ್ಗೆ ಈಗಲೇ ಚಿಂತಿಸುವ ಮನೆಗಳಿವೆ. ನನಗೆ ಸಿಟ್ಟು ಬರುತ್ತದೆ, ಆದರೆ ಸಿಟ್ಟಿನಿಂದ ಕನ್ನಡಕ ಮಗುವಿನ ಮುಖಕ್ಕೆ ಏರುವುದಿಲ್ಲ. ಅಂಥ ಮನೆಯ ಅಜ್ಜಿಯೊಂದಿಗೆ ಮಾತಾಡುತ್ತೇನೆ, ಏಕೆಂದರೆ ತೀರ್ಮಾನ ಅವರದ್ದು. ಅಜ್ಜಿಗೆ ತಮ್ಮ ಕಣ್ಣು ಮಂದವಾಗಿದ್ದ ದಿನಗಳ ನೆನಪು ಇರುತ್ತದೆ. ಆ ಮಾತು ಅವರಿಗೆ ಬೇಗ ನಾಟುತ್ತದೆ. ಫೋನು ಪಕ್ಕದ ಮನೆಯವರದ್ದಾದರೆ ಪೊರೆ, ಆಪರೇಷನ್ ಎಂಬ ಮಾತುಗಳನ್ನೇ ಎತ್ತುವುದಿಲ್ಲ. ‘ಕಣ್ಣಿನ ತಪಾಸಣೆ’ ಎಂದಷ್ಟೇ ಹೇಳುತ್ತೇವೆ. ಮೆಸೇಜಿನಲ್ಲೂ ಕಾಯಿಲೆಯ ಹೆಸರು ಹಾಕದಿರುವುದಕ್ಕೆ ಇದೂ ಕಾರಣ.

ನೆನಪಿದ್ದರೂ ಬರಲಾಗದವರ ಕಷ್ಟಕ್ಕೆ ಫೋನು ಉತ್ತರವಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ಇಲ್ಲ, ಆರು ವರ್ಷದೊಳಗಿನ ಮಗುವಿಗೆ ಮೊದಲಿನಿಂದಲೂ ಇಲ್ಲ. ಎಷ್ಟೋ ತಾಯಂದಿರು ಗಂಡನನ್ನು ದುಡ್ಡು ಕೇಳದೆ ತಾವೇ ಮಗುವನ್ನು ಎತ್ತಿಕೊಂಡು ಬರುವುದನ್ನು ಆ ವರ್ಷದಿಂದ ಕಣ್ಣಾರೆ ನೋಡುತ್ತಿದ್ದೇನೆ. ಆದರೆ ದಾವಣಗೆರೆ, ಚಿತ್ರದುರ್ಗದ ಎಷ್ಟೋ ಹಳ್ಳಿಗಳಿಗೆ ಇರುವುದು ಖಾಸಗಿ ಬಸ್ಸುಗಳೇ, ಅಲ್ಲಿ ಈ ಯೋಜನೆ ನಡೆಯುವುದಿಲ್ಲ. ಹಾಗಾಗಿ ಕರೆ ಮಾಡಿದಾಗ ನಿಮ್ಮೂರಿನಿಂದ ಯಾವ ಬಸ್ಸು, ಎಷ್ಟು ಗಂಟೆಗೆ, ಸರ್ಕಾರಿ ಬಸ್ಸು ಸಿಗುವ ಕ್ರಾಸ್‌ವರೆಗೆ ಹೇಗೆ ಬರುತ್ತೀರಿ ಎಂದು ಕೇಳುತ್ತೇನೆ. ಆಧಾರ್ ಕಾರ್ಡ್ ಮರೆಯಬೇಡಿ ಎನ್ನುತ್ತೇನೆ. ಟಾಂಜಾನಿಯಾದ ಕಿಲಿಮಂಜಾರೋ ಸೀಮೆಯ ಆಸ್ಪತ್ರೆಯೊಂದರಲ್ಲಿ ಇದಕ್ಕೆಂದೇ ಒಬ್ಬ ಸಂಯೋಜಕರನ್ನು ಇಟ್ಟು, ಫೋನಿನಲ್ಲಿ ಪೋಷಕರ ಬೆನ್ನು ಹತ್ತಿ, ಬಂದವರಿಗೆ ದಾರಿಖರ್ಚನ್ನೂ ಕೊಟ್ಟಾಗ ಆಪರೇಷನ್ ಆದ ಮಕ್ಕಳು ಮರಳಿ ಬರುವುದು ಹೆಚ್ಚಿತು ಎಂದು ಓದಿದ್ದೇನೆ. ನಮ್ಮಲ್ಲೂ ತೀರಾ ಬಡವರಿಗೆ ದಾನಿಗಳ ಹಣದಿಂದ ದಾರಿಖರ್ಚು ಕೊಡುತ್ತೇವೆ. ಎಲ್ಲರಿಗೂ ಕೊಡಲಾಗುತ್ತಿಲ್ಲ, ಕೊಡಬೇಕು ಎಂಬುದು ನನ್ನ ಹಟ.

ಕರೆದ ಮೇಲೆ ಬಂದವರನ್ನು ನಡೆಸಿಕೊಳ್ಳುವ ರೀತಿಯೂ ಬದಲಾಗಬೇಕಾಯಿತು. ಮಕ್ಕಳ ಪಾಪೆ ಹಿಗ್ಗಿಸಲು ಹನಿಯನ್ನು ಮತ್ತೆ ಮತ್ತೆ ಹಾಕಿ ಕಾಯಬೇಕು. ಅಳು, ನಿದ್ದೆ, ಹಸಿವು ಎಲ್ಲ ಅದರ ನಡುವೆ. ಪರೀಕ್ಷೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿದರೆ ಮೊಳಕಾಲ್ಮೂರಿನ ಕಡೆಯವರು ಮನೆ ಸೇರುವುದು ನಡುರಾತ್ರಿ. ಆದ್ದರಿಂದ ಶುಕ್ರವಾರ ದೂರದ ಊರಿನವರಿಗೆ ಮೊದಲ ಸರದಿ. ಅವರ ಚೀಟಿಯ ಮೂಲೆಯಲ್ಲಿ ಕೆಂಪು ಗುರುತು ಇರುತ್ತದೆ, ಅದನ್ನು ನೋಡಿದ ಕೂಡಲೇ ಕಿಟಕಿಯವರು ನೇರ ಒಳಗೆ ಕಳುಹಿಸುತ್ತಾರೆ. ವೈದ್ಯರು ರಜೆ ಹೋಗುವುದಾದರೆ ಮೊದಲು ತಿಳಿಯಬೇಕಾದವರು ಮೆಸೇಜ್ ಕಳುಹಿಸುವ ನಾವು. ಬನ್ನಿ ಎಂದು ಕರೆದು, ಕೂಲಿ ಬಿಟ್ಟು ಬಂದ ತಾಯಿಗೆ ಇವತ್ತು ಡಾಕ್ಟರ್ ಇಲ್ಲ ಎಂದರೆ ಮುಂದಿನ ಎಷ್ಟು ಮೆಸೇಜ್ ಕಳುಹಿಸಿದರೂ ಆಕೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಇಷ್ಟಾದರೂ ಸಿಗದವರು ಇದ್ದೇ ಇರುತ್ತಾರೆ. ಮೂರೂ ನಂಬರು ಸ್ತಬ್ಧವಾದರೆ ಆ ಹೆಸರು ಆಶಾ ಕಾರ್ಯಕರ್ತೆಯ ಮೂಲಕ ಮನೆಗೆ ಹೋಗುತ್ತದೆ. ಬೆಂಗಳೂರಿಗೆ ಹೋಗಿದ್ದಾರೆ ಎಂದು ತಿಳಿದರೆ ಹೊಸ ನಂಬರ್ ಪಡೆದು, ಅಲ್ಲಿಯೇ ಹತ್ತಿರದ ದೊಡ್ಡ ಕಣ್ಣಾಸ್ಪತ್ರೆಗೆ ತೋರಿಸಲು ಆಪರೇಷನ್ನಿನ ವಿವರದ ಪತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೇವೆ. ನಮ್ಮಲ್ಲಿಗೇ ಬರಬೇಕೆಂದೇನಿಲ್ಲ, ಮಗುವಿನ ಕಣ್ಣನ್ನು ಯಾರಾದರೂ ನೋಡಿದರೆ ಸಾಕು. ನಮ್ಮ ರಿಜಿಸ್ಟರಿನಲ್ಲಿ ‘ಬೇರೆಡೆ ತೋರಿಸಿದ್ದಾರೆ’ ಎಂದು ಬರೆಯುವಾಗ ಆಗುವ ಸಮಾಧಾನ, ಬಂದರು ಎಂದು ಬರೆಯುವುದಕ್ಕಿಂತ ಕಡಿಮೆಯದಲ್ಲ.

ಮೂರು ತಿಂಗಳಿನ ಕಾಲಮ್ಮಿನಲ್ಲಿ ಈಗ ಖಾಲಿ ಮನೆಗಳು ಮೊದಲಿನಷ್ಟಿಲ್ಲ. ಮಂಜಾದ ಹಿಂಪದರ ಸಕಾಲದಲ್ಲಿ ಕಂಡುಬಂದು ಲೇಸರ್ ಆದ ಮಕ್ಕಳಿದ್ದಾರೆ; ಕನ್ನಡಕದ ನಂಬರ್ ಬದಲಾಗಿ ಕಪ್ಪುಹಲಗೆ ಕಾಣತೊಡಗಿದ ಮಕ್ಕಳಿದ್ದಾರೆ. ನಮ್ಮ ಕೈಗೆ ಇನ್ನೂ ಸರಿಯಾಗಿ ಸಿಗದ ಗುಂಪು ಎಂದರೆ ಆರನೆಯ ತರಗತಿಗೆ ವಸತಿ ಶಾಲೆಗಳಿಗೆ ಸೇರುವ ಮಕ್ಕಳು. ಆಗ ಮೆಸೇಜ್ ಹೋಗುವುದು ಊರಿನಲ್ಲಿರುವ ತಾಯಿಗೆ, ಮಗು ಇರುವುದು ಇನ್ನೊಂದು ತಾಲ್ಲೂಕಿನ ಹಾಸ್ಟೆಲಿನಲ್ಲಿ. ಕನ್ನಡಕ ಒಡೆದರೂ ಮನೆಗೆ ತಿಳಿಯುವುದು ರಜೆಯಲ್ಲಿ. ಈ ಜೂನ್‌ನಿಂದ ರಿಜಿಸ್ಟರಿಗೆ ಇನ್ನೊಂದು ಕಾಲಮ್ ಸೇರಿಸಿದ್ದೇವೆ: ಶಾಲೆಯ ಹೆಸರು, ವಾರ್ಡನ್ ಫೋನ್ ನಂಬರು. ಪೋಷಕರ ಒಪ್ಪಿಗೆ ಬರೆಸಿಕೊಂಡು ವಾರ್ಡನ್‌ಗಳಿಗೆ ಒಬ್ಬೊಬ್ಬರಾಗಿ ಕರೆ ಮಾಡುತ್ತಿದ್ದೇನೆ. ಹಿರಿಯೂರು ಕಡೆಯ ಒಬ್ಬ ವಾರ್ಡನ್ ತಮ್ಮ ಹಾಸ್ಟೆಲಿನಲ್ಲಿ ಕನ್ನಡಕ ಹಾಕುವ ಎಲ್ಲ ಮಕ್ಕಳ ಪಟ್ಟಿಯನ್ನೂ ಕಳುಹಿಸಿದ್ದಾರೆ. ದಸರಾ ರಜೆಗೆ ಮಕ್ಕಳು ಊರಿಗೆ ಹೊರಡುವ ಮುಂಚೆ ಅವರ ತಾಯಂದಿರಿಗೆ ದಿನ ಗೊತ್ತುಮಾಡಿ ಫೋನ್ ಮಾಡಬೇಕು.